ಮನೆಮದ್ದು ಮಾಡುವ ಮುನ್ನ: ಎಷ್ಟು, ಯಾರಿಗೆ, ಎಷ್ಟು ದಿನ?

ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೆಮ್ಮಿಗೆ ಮನೆಯಲ್ಲೇ ಏನು ಮಾಡಬಹುದು? ಮಲಬದ್ಧತೆಗೆ ಯಾವ ಹಣ್ಣು ಒಳ್ಳೆಯದು? ರಕ್ತ ಕಡಿಮೆ ಇದೆ ಅಂದರು, ಏನು ತಿನ್ನಲಿ? ಕೇಳಬೇಕಾದ ಪ್ರಶ್ನೆಗಳೇ ಇವು. ಆದರೆ ಇವುಗಳ ಬೆನ್ನಿಗೇ ಇನ್ನೂ ಮೂರನ್ನು ಕೇಳಬೇಕು: ಎಷ್ಟು ಅಳತೆ, ಯಾರಿಗೆ ಕೊಡಬಾರದು, ಎಷ್ಟು ದಿನ ಕಾದು ನೋಡಬೇಕು? ಈ ಮೂರು ಗೊತ್ತಿಲ್ಲದಿದ್ದರೆ ಒಳ್ಳೆಯ ಮದ್ದೂ ಕೆಡುಕು ಮಾಡಬಹುದು.

ಹಾಗಾಗಿ ಆರು ಸಾಮಾನ್ಯ ತೊಂದರೆಗಳನ್ನು ತೆಗೆದುಕೊಂಡು, ಮನೆಯಲ್ಲಿ ಏನು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಹಂತ ಹಂತವಾಗಿ ಹೇಳುತ್ತೇನೆ. ಕೆಲಸಕ್ಕೆ ಬರುತ್ತದೆ ಎಂದು ಧೈರ್ಯವಾಗಿ ಹೇಳಬಹುದಾದದ್ದನ್ನು ಮಾತ್ರ ಇಲ್ಲಿ ಸೇರಿಸಿದ್ದೇನೆ.

ಮೊದಲು ಇವು ಕೈಗೆ ಸಿಗುವಂತಿರಲಿ

5 ಮಿಲಿ ಅಳತೆಯ ಚಮಚ. ಮನೆಯ ಚಮಚಗಳು ಒಂದೊಂದೂ ಒಂದೊಂದು ಗಾತ್ರ, ಅದನ್ನು ನಂಬಬೇಡಿ. ಸರಿಯಾಗಿ 1 ಲೀಟರ್ ಹಿಡಿಯುವ ಬಾಟಲಿ. ಒಂದು ಥರ್ಮಾಮೀಟರ್. ಎರಡು ಮೂರು ಓಆರ್‌ಎಸ್ (ಭೇದಿಯಾದಾಗ ನೀರಿಗೆ ಬೆರೆಸಿ ಕುಡಿಸುವ ಲವಣ-ಗ್ಲೂಕೋಸ್ ಪುಡಿ) ಪ್ಯಾಕೆಟ್. ಜೊತೆಗೆ ಒಂದು ಚೀಟಿ: ಮನೆಯವರಲ್ಲಿ ಯಾರು ಯಾವ ಮಾತ್ರೆ ನುಂಗುತ್ತಾರೆ, ಯಾರಿಗೆ ಯಾವ ಕಾಯಿಲೆ ಇದೆ ಎಂದು ಅದರಲ್ಲಿ ಬರೆದಿರಲಿ. ಈ ಚೀಟಿ 2ನೇ ಹಂತದಲ್ಲಿ ಬೇಕಾಗುತ್ತದೆ.

1. ಅಪಾಯದ ಗುರುತು ಇದೆಯೇ ನೋಡಿ

ಡಬ್ಬಿ ತೆರೆಯುವ ಮೊದಲು ರೋಗಿಯನ್ನು ನೋಡಿ. ಕೆಳಗಿನ ಯಾವುದೇ ಒಂದು ಕಂಡರೂ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೊರಡಿ.

- ಉಸಿರಾಡಲು ಕಷ್ಟ, ಅಥವಾ ಎದೆ ಹಿಂಡಿದಂಥ ನೋವು. ಅದು ತೋಳಿಗೋ ದವಡೆಗೋ ಹರಡುತ್ತಿದ್ದರೆ, ಬೆವರು ಸುರಿಯುತ್ತಿದ್ದರೆ ಒಂದು ನಿಮಿಷವೂ ಕಾಯಬೇಡಿ. "ಗ್ಯಾಸ್ ಇರಬೇಕು" ಎಂದು ಸುಮ್ನೆ ಕೂತು ಹೃದಯಾಘಾತಕ್ಕೆ ಚಿಕಿತ್ಸೆ ತಡವಾಗುವುದುಂಟು.
- ಮುಖ ಒಂದು ಕಡೆ ವಾಲುವುದು, ಮಾತು ತೊದಲುವುದು, ಒಂದು ಕೈ ಎತ್ತಲಾಗದಿರುವುದು.
- ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ. ಕಪ್ಪಗೆ, ಅಂಟಂಟಾಗಿ ಹೋಗುವ ಮಲವೂ ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದರ ಗುರುತಾಗಿರಬಹುದು.
- ಎಬ್ಬಿಸಿದರೂ ಸರಿಯಾಗಿ ಏಳದ ಮಂಪರು, ಫಿಟ್ಸ್, ಜ್ವರದ ಜೊತೆ ಕತ್ತು ಬಿಗಿಯುವುದು.
- 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಅದಕ್ಕಿಂತ ಹೆಚ್ಚು ಜ್ವರ. ಮಗು ಆಡುತ್ತಿದ್ದರೂ ತೋರಿಸಲೇಬೇಕು.

2. ಯಾರಿಗೆ ಕೊಡುತ್ತಿದ್ದೀರಿ?

ನೈಸರ್ಗಿಕ ಎಂದ ಮಾತ್ರಕ್ಕೆ ಎಲ್ಲರಿಗೂ ಸುರಕ್ಷಿತ ಅಲ್ಲ. ಚೀಟಿ ತೆಗೆದು ಒಮ್ಮೆ ನೋಡಿ.

ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ನೆಕ್ಕಿಸುವುದೂ ಬೇಡ. ಜೇನಿನಲ್ಲಿ ಬೊಟುಲಿಸಂ ಎಂಬ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ದೊಡ್ಡವರ ಕರುಳಿನಲ್ಲಿ ಅವು ಬೆಳೆಯುವುದಿಲ್ಲ. ಎಳೆಯ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತವೆ, ಮಗುವಿನ ಸ್ನಾಯುಗಳು ಸೋತುಹೋಗುತ್ತವೆ, ಉಸಿರಾಟಕ್ಕೂ ತೊಂದರೆಯಾಗಬಹುದು. ಜೇನನ್ನು ಬಿಸಿ ಮಾಡಿದರೂ, ನೀರಿಗೆ ಹಾಕಿ ಕುದಿಸಿದರೂ ಈ ಕಣಗಳು ಸಾಯುವುದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಶುಂಠಿ, ಬೆಳ್ಳುಳ್ಳಿ, ಅರಿಶಿನಗಳ ಕ್ಯಾಪ್ಸೂಲ್‌ಗಳಿಂದ ದೂರ ಇರಬೇಕು. ರಕ್ತಸ್ರಾವದ ಅಪಾಯ ಜಾಸ್ತಿಯಾಗಬಹುದು. ಅಡುಗೆಗೆ ಹಾಕುವಷ್ಟರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಇವರು ಹಸಿರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ವಾರ ವಾರವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಎದುರಾಗುತ್ತದೆ. ಒಂದು ವಾರ ತುಂಬ ತಿಂದು, ಮುಂದಿನ ವಾರ ಬಿಟ್ಟರೆ ಡೋಸ್ ಹದ ತಪ್ಪುತ್ತದೆ.

ಬಿಪಿ ಇರುವವರು ಗಂಟಲಿಗೆಂದು ಜ್ಯೇಷ್ಠಮಧುವನ್ನು ದಿನಗಟ್ಟಲೆ ಅಗಿಯಬಾರದು. ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ಬಿಪಿ ಏರಿಸುತ್ತದೆ, ಪೊಟ್ಯಾಶಿಯಂ ಇಳಿಸುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಇದು ತಿರುಗುಮುರುಗು: ಬಾಳೆಹಣ್ಣು, ಹಣ್ಣಿನ ರಸ, 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪು ಇವುಗಳಿಂದ ಪೊಟ್ಯಾಶಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮೆಂತ್ಯ, ಹಾಗಲಕಾಯಿ ರಸ ಶುರು ಮಾಡುವ ಮೊದಲು ವೈದ್ಯರಿಗೆ ತಿಳಿಸಬೇಕು. ಎರಡೂ ಸೇರಿ ಸಕ್ಕರೆ ತೀರಾ ಕೆಳಗೆ ಇಳಿಯಬಹುದು.

ಅರಿಶಿನದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅಡುಗೆಯ ಅರಿಶಿನ ಬೇರೆ, ಕರ್ಕ್ಯುಮಿನ್ ಎಂದು ಸಾರ ತೆಗೆದ ಮಾತ್ರೆ ಬೇರೆ. ಇಂಥ ಮಾತ್ರೆಗಳಿಂದ, ಅದರಲ್ಲೂ ಮೈಗೆ ಹೆಚ್ಚು ಹತ್ತಲೆಂದು ಕಾಳುಮೆಣಸಿನ ಸಾರ ಬೆರೆಸಿದವುಗಳಿಂದ, ಯಕೃತ್ತಿಗೆ (ಲಿವರ್‌ಗೆ) ಪೆಟ್ಟು ಬಿದ್ದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ.

3. ಭೇದಿ

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಮನೆಯಲ್ಲೇ ಮಾಡಬಹುದಾದ ಚಿಕಿತ್ಸೆಗಳಲ್ಲಿ ಜೀವ ಉಳಿಸುವಂಥದ್ದು ಇದು. ಅಳತೆ ತಪ್ಪಿದರೆ ಅಪಾಯವೂ ಇದರಲ್ಲೇ ಹೆಚ್ಚು.

ಭೇದಿಯಲ್ಲಿ ಸಾವು ತರುವುದು ಹೆಚ್ಚಾಗಿ ನಿರ್ಜಲೀಕರಣ, ಅಂದರೆ ಮೈಯಲ್ಲಿನ ನೀರು, ಲವಣ ಬತ್ತಿಹೋಗುವುದು. ಬರಿ ನೀರು ಕುಡಿದರೆ ಈ ನಷ್ಟ ತುಂಬುವುದಿಲ್ಲ. ನಮ್ಮ ಸಣ್ಣ ಕರುಳು ಸಕ್ಕರೆ ಮತ್ತು ಉಪ್ಪನ್ನು ಜೋಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ತೆರೆದೇ ಇರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಹೀಗೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯ, ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿಯತೊಡಗಿದಾಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸುಮಾರು ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ತರಬೇತಿ ಪಡೆದ ನರ್ಸ್‌ಗಳಲ್ಲ, ನಮ್ಮ ನಿಮ್ಮಂಥ ಮನೆಯವರು.

ಮಾಡುವ ಕ್ರಮ:

ಅ) ಪ್ಯಾಕೆಟ್ ಇದ್ದರೆ ಅದೇ ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ 1 ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಪ್ಯಾಕೆಟ್ಟಿನ ಹಿಂಭಾಗ ಓದಿ. ಸಕ್ಕರೆ ಇದಕ್ಕಿಂತ ಎಷ್ಟೋ ಪಟ್ಟು ಇರುವ ರೆಡಿಮೇಡ್ ಪಾನೀಯ ಓಆರ್‌ಎಸ್ ಅಲ್ಲ.

ಆ) ಎಷ್ಟು ನೀರಿಗೆ ಎಂದು ಬರೆದಿದೆಯೋ ಅಷ್ಟೇ ನೀರಿಗೆ ಇಡೀ ಪ್ಯಾಕೆಟ್ ಹಾಕಿ. 1 ಲೀಟರಿನ ಪ್ಯಾಕೆಟ್ಟಿನಿಂದ ಅಂದಾಜಿಗೆ ಸ್ವಲ್ಪ ತೆಗೆದು ಲೋಟಕ್ಕೆ ಹಾಕುವುದು ತುಂಬ ಜನ ಮಾಡುವ ತಪ್ಪು. ನೀರು ಕುದಿಸಿ ಆರಿಸಿದ್ದಾಗಿರಲಿ. ಬೆರೆಸಿದ ಮೇಲೆ ಮತ್ತೆ ಕುದಿಸಬೇಡಿ. ಹಾಲು, ಜ್ಯೂಸ್‌ಗೆ ಬೆರೆಸಬೇಡಿ.

ಇ) ಪ್ಯಾಕೆಟ್ ಇಲ್ಲವೇ? 1 ಲೀಟರ್ ಶುದ್ಧ ನೀರಿಗೆ 5 ಮಿಲಿ ಚಮಚದಲ್ಲಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಗುಡ್ಡೆಯಾಗಿ ತುಂಬಬೇಡಿ, ಮೇಲೆ ಸಮ ಮಾಡಿ. ಕುಡಿಸುವ ಮೊದಲು ನೀವು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ, ಹೊಸದಾಗಿ ಮಾಡಿ. ಉಪ್ಪು ಜಾಸ್ತಿಯಾದರೆ ಚಿಕ್ಕ ಮಗುವಿಗೆ ಫಿಟ್ಸ್ ಬರಬಹುದು, ಸಕ್ಕರೆ ಜಾಸ್ತಿಯಾದರೆ ಭೇದಿ ಇನ್ನೂ ಹೆಚ್ಚುತ್ತದೆ. ಮನೆಯ ಮಿಶ್ರಣದಲ್ಲಿ ಪೊಟ್ಯಾಶಿಯಂ ಇರುವುದಿಲ್ಲ, ಊಟ ಮಾಡುವವರಿಗೆ ಜೊತೆಯಲ್ಲಿ ಬಾಳೆಹಣ್ಣು ಕೊಡಿ.

ಈ) ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ, ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು. ಚಿಕ್ಕವರಿಗೆ ಚಮಚದಲ್ಲಿ, ದೊಡ್ಡವರಿಗೆ ಗುಟುಕು ಗುಟುಕಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರು ಮಾಡಿ. ವಾಂತಿಯಾಯಿತೆಂದು ಪೂರ್ತಿ ನಿಲ್ಲಿಸಬೇಡಿ.

ಉ) ಮಾಡಿಟ್ಟ ನೀರು 24 ಗಂಟೆಯ ನಂತರ ಚೆಲ್ಲಿ.

ಊ) ಊಟ ನಿಲ್ಲಿಸಬೇಡಿ. ಹೊಟ್ಟೆಗೆ ವಿಶ್ರಾಂತಿ ಬೇಕು ಎಂದು ಉಪವಾಸ ಹಾಕಿದರೆ ಮಗು ಇನ್ನಷ್ಟು ಸೊರಗುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಹಾಲು ಜಾಸ್ತಿ ಸಲ ಕೊಡಿ. ಉಳಿದವರಿಗೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ಮೊಸರು ಸಾಕು. ಮಕ್ಕಳಿಗೆ ಸತುವಿನ (ಜಿಂಕ್) ಮಾತ್ರೆಯೂ ಬೇಕು: 6 ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕಿಂತ ದೊಡ್ಡ ಮಕ್ಕಳಿಗೆ 20 ಮಿಲಿಗ್ರಾಂ, 10ರಿಂದ 14 ದಿನ. ಭೇದಿ ನಿಂತರೂ ದಿನ ಪೂರೈಸಿ. ವೈದ್ಯರನ್ನು ಕೇಳಿ ತೆಗೆದುಕೊಳ್ಳಿ.

ತಂಪು ಪಾನೀಯ, ಪ್ಯಾಕ್ ಮಾಡಿದ ಜ್ಯೂಸ್ ಬೇಡ. ಭೇದಿ 'ಕಟ್ಟುವ' ಮಾತ್ರೆಯನ್ನು ಮಕ್ಕಳಿಗೆ ನೀವಾಗಿ ಕೊಡಲೇಬಾರದು.

ಎಷ್ಟು ಕಾಯಬೇಕು? ಮಕ್ಕಳಲ್ಲಿ 3 ದಿನಕ್ಕೆ ಕಡಿಮೆಯಾಗದಿದ್ದರೆ ತೋರಿಸಿ. ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮೂತ್ರ ತೀರಾ ಕಡಿಮೆಯಾದರೆ, ಹೊಟ್ಟೆಯ ಚರ್ಮ ಹಿಡಿದು ಬಿಟ್ಟಾಗ ನಿಧಾನವಾಗಿ ಹಿಂದೆ ಹೋದರೆ, ಕುಡಿಯುವ ಶಕ್ತಿಯೇ ಇಲ್ಲದಿದ್ದರೆ ಆ ಕ್ಷಣವೇ ಆಸ್ಪತ್ರೆ. ದಾರಿಯಲ್ಲಿ, ಎಚ್ಚರ ಇದ್ದು ಕುಡಿಯುವಂತಿದ್ದರೆ, ಚಮಚದಲ್ಲಿ ಕುಡಿಸುತ್ತಲೇ ಹೋಗಿ.

4. ಕೆಮ್ಮು, ಗಂಟಲು ನೋವು, ನೆಗಡಿ

ನೆಗಡಿ ವೈರಸ್‌ನಿಂದ ಬರುತ್ತದೆ, ತಾನಾಗಿ ಹೋಗುತ್ತದೆ. ಯಾವ ಕಷಾಯವೂ ಅದನ್ನು ಒಂದೇ ದಿನದಲ್ಲಿ ಓಡಿಸುವುದಿಲ್ಲ. ನಾವು ಮಾಡುವುದೆಲ್ಲ ಅದು ಇರುವಷ್ಟು ದಿನ ಹಿತವಾಗಿರಲಿ ಎಂದು. ಆ ಹಿತವೂ ಬೇಕಾದದ್ದೇ ಅಲ್ವಾ? ರಾತ್ರಿ ನಿದ್ದೆ ಬಂದರೆ ಅರ್ಧ ಕಷ್ಟ ಕಳೆದ ಹಾಗೆ.

ಜೇನುತುಪ್ಪಕ್ಕೆ ಇಲ್ಲಿ ಒಳ್ಳೆಯ ಆಧಾರವಿದೆ. ಮಕ್ಕಳ ರಾತ್ರಿ ಕೆಮ್ಮು ಅದರಿಂದ ಕಡಿಮೆಯಾಗುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. 1 ವರ್ಷ ದಾಟಿದ ಮಕ್ಕಳಿಗೆ ಮಲಗುವ ಅರ್ಧ ಗಂಟೆ ಮೊದಲು ಅರ್ಧದಿಂದ 1 ಚಮಚ. ದೊಡ್ಡವರಿಗೆ 1ರಿಂದ 2 ಚಮಚ, ಹಾಗೆಯೇ ಅಥವಾ ಬೆಚ್ಚಗಿನ ನೀರಿನಲ್ಲಿ. ಆಮೇಲೆ ಹಲ್ಲು ಉಜ್ಜಿಸಿ. ಸಕ್ಕರೆ ಕಾಯಿಲೆ ಇದ್ದರೆ ಜೇನನ್ನೂ ಸಕ್ಕರೆಯ ಲೆಕ್ಕಕ್ಕೇ ಸೇರಿಸಿ.

ಗಂಟಲು ನೋವಿಗೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಬಾಯಿ ಮುಕ್ಕಳಿಸಿ, ಉಗುಳಿ. ಮುಕ್ಕಳಿಸಲು ಬಾರದ ಮಕ್ಕಳಿಗೆ ಇದು ಬೇಡ.

ಮೂರು ಕಡೆ ಹುಷಾರಾಗಿರಿ. ಕುದಿಯುವ ನೀರಿನ ಪಾತ್ರೆಗೆ ಮುಖವೊಡ್ಡಿ, ಮೇಲೆ ಟವೆಲ್ ಹೊದ್ದು ಹಬೆ ತೆಗೆದುಕೊಳ್ಳುವಾಗ ಪಾತ್ರೆ ಮಗುಚಿ ಎಷ್ಟೋ ಮಕ್ಕಳು ಸುಟ್ಟುಕೊಂಡಿದ್ದಾರೆ. ಮಕ್ಕಳಿಗೆ ಇದನ್ನು ಮಾಡಲೇಬೇಡಿ. ಕರ್ಪೂರವನ್ನು ಮಗುವಿನ ಬಾಯಿಗಾಗಲಿ ಮೂಗಿಗಾಗಲಿ ಹಾಕಬೇಡಿ, ಸ್ವಲ್ಪ ನುಂಗಿದರೂ ಫಿಟ್ಸ್ ಬರಬಹುದು. ಮೂಗಿಗೆ ಎಣ್ಣೆ ಬಿಡುವುದೂ ಬೇಡ: ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮೂಗು ಕಟ್ಟಿದ್ದರೆ ಔಷಧಿ ಅಂಗಡಿಯ ಸಲೈನ್ ಹನಿ (ಶುದ್ಧ ಉಪ್ಪುನೀರು) ಸಾಕು.

ಕಫ ಹಳದಿಯಾಯಿತು ಎಂದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕಾಗುವುದಿಲ್ಲ. ಆದರೆ ಕೆಮ್ಮು 2 ವಾರ ದಾಟಿದರೆ ತೋರಿಸಿ. ನೆಗಡಿಯ ಹಿಂದಿನ ಕೆಮ್ಮು 3 ವಾರದವರೆಗೂ ಉಳಿಯುವುದುಂಟು, ನಿಜ. ಆದರೂ ಕ್ಷಯ ಅಲ್ಲ ಎಂದು ಖಾತ್ರಿಯಾಗಬೇಕು. ಕಫದಲ್ಲಿ ರಕ್ತ, ರಾತ್ರಿ ಬೆವರುವುದು, ತೂಕ ಇಳಿಯುವುದು ಇದ್ದರೆ ಅಷ್ಟೂ ಕಾಯಬೇಡಿ.

5. ಮಲಬದ್ಧತೆ

"ಏನು ತಿಂದರೂ ಸರಿಹೋಗುತ್ತಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಒಂದೇ ದಿನ ಎಲ್ಲವನ್ನೂ ತಿಂದು, ಹೊಟ್ಟೆ ಉಬ್ಬರಿಸಿಕೊಂಡು, ಮರುದಿನ ಬಿಟ್ಟಿರುತ್ತಾರೆ. ನಾರಿನಂಶ, ಅಂದರೆ ಹಣ್ಣು ತರಕಾರಿ ಕಾಳುಗಳಲ್ಲಿ ಜೀರ್ಣವಾಗದೆ ಉಳಿಯುವ ಭಾಗ, ದೊಡ್ಡವರಿಗೆ ದಿನಕ್ಕೆ ಕಡೇ ಪಕ್ಷ 25 ಗ್ರಾಂ ಬೇಕು. ಸಿಪ್ಪೆ ಸಮೇತ ಒಂದು ಸೇಬಿನಲ್ಲಿ ಸಿಗುವುದು ಸುಮಾರು 4 ಗ್ರಾಂ. ಒಂದು ಬಾಳೆಹಣ್ಣಿನಲ್ಲಿ 3. ಹಣ್ಣಿನಿಂದಲೇ ಪೂರ್ತಿ ಆಗುವುದಿಲ್ಲ. ಕಾಳು, ಬೇಳೆ, ತರಕಾರಿ, ಪಾಲಿಶ್ ಮಾಡದ ಧಾನ್ಯ ಎಲ್ಲ ಸೇರಬೇಕು.

ಮೊದಲ ವಾರ ದಿನಕ್ಕೆ ಒಂದು ಹಣ್ಣು ಅಥವಾ ಒಂದು ಬಟ್ಟಲು ಕಾಳು ಮಾತ್ರ ಹೆಚ್ಚಿಸಿ. ಎರಡನೇ ವಾರ ಇನ್ನೊಂದು. ನೀರೂ ಅದರ ಜೊತೆ ಹೆಚ್ಚಲಿ. ಇದರ ಜೊತೆಗೆ ಪ್ರೂನ್ (ಒಣಗಿಸಿದ ಪ್ಲಮ್ ಹಣ್ಣು) ಅಥವಾ ಕಿವಿ ಹಣ್ಣು ಪ್ರಯತ್ನಿಸಬಹುದು. ಪ್ರೂನ್‌ನಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿ ಅಂಶ ಕರುಳಿಗೆ ನೀರು ಸೆಳೆದು ಮಲ ಮೆತ್ತಗಾಗಿಸುತ್ತದೆ. ದಿನಕ್ಕೆ 50 ಗ್ರಾಂನಿಂದ ಶುರು ಮಾಡಿ. ಕಿವಿ ಆದರೆ ದಿನಕ್ಕೆ ಎರಡು.

ಸಾಲದಿದ್ದರೆ ಇಸಬ್ಗೋಲ್ ಹೊಟ್ಟು. ಒಂದು ಚಮಚವನ್ನು ಒಂದು ದೊಡ್ಡ ಲೋಟ ನೀರಿಗೆ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ, ಮೇಲೆ ಇನ್ನೊಂದು ಲೋಟ ನೀರು. ಒಣ ಪುಡಿಯನ್ನು ಬಾಯಿಗೆ ಹಾಕಿಕೊಳ್ಳಬೇಡಿ: ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟ ಇರುವವರಿಗೆ ಕೊಡಲೇಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ 2 ಗಂಟೆ ಅಂತರ ಇರಲಿ. ಇಲ್ಲದಿದ್ದರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ತಿನ್ನುವುದರಷ್ಟೇ ಕೂರುವುದೂ ಮುಖ್ಯ. ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿಗೇ ದಿನವೂ ಹೋಗಿ ಕುಳಿತುಕೊಳ್ಳಿ. ಕಮೋಡ್ ಬಳಸುವವರು ಕಾಲ ಕೆಳಗೆ ಸಣ್ಣ ಮಣೆ ಇಟ್ಟು ಮಂಡಿ ಎತ್ತರಿಸಿ.

2ರಿಂದ 4 ವಾರ ಹೀಗೆ ಮಾಡಿ ನೋಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, 45 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಇದ್ದರೆ ಮೊದಲು ತಪಾಸಣೆ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ತುರ್ತು ಚಿಕಿತ್ಸೆ ಬೇಕು. ಆಗ ನಾರು, ಇಸಬ್ಗೋಲ್ ಏನೂ ಕೊಡಬೇಡಿ.

6. ಎದೆಯುರಿ, ಹುಳಿತೇಗು

ಇಲ್ಲಿ ತಿನ್ನುವುದಕ್ಕಿಂತ ಸಮಯ ಮುಖ್ಯ. ರಾತ್ರಿ ಊಟಕ್ಕೂ ಮಲಗುವುದಕ್ಕೂ 3 ಗಂಟೆ ಬಿಡಿ. ಎಡ ಮಗ್ಗುಲಲ್ಲಿ ಮಲಗಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರ ಕೊಡಿ. ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ಉರಿ ಹೆಚ್ಚಬಹುದು. ಹಾಲು ಕುಡಿದ ತಕ್ಷಣ ಹಾಯೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಆಮ್ಲ ಮತ್ತೆ ಸುರಿಯುತ್ತದೆ. ಪುದೀನ ಕೂಡ ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುವುದರಿಂದ ಕೆಲವರಿಗೆ ಉರಿ ಜಾಸ್ತಿಯಾಗುತ್ತದೆ. ನುಂಗುವಾಗ ಸಿಕ್ಕಿಕೊಂಡಂತಾದರೆ, ಅಥವಾ 2 ವಾರಕ್ಕೂ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

7. ರಕ್ತಹೀನತೆ, ಕಬ್ಬಿಣದ ಕೊರತೆ

ಮೊದಲು ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಅಂಶ, ದೊಡ್ಡ ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13 ಗ್ರಾಂಗಿಂತ (100 ಮಿಲಿ ರಕ್ತದಲ್ಲಿ) ಕಡಿಮೆ ಇದ್ದರೆ ಸಾಮಾನ್ಯವಾಗಿ ರಕ್ತಹೀನತೆ ಎನ್ನುತ್ತಾರೆ. ಒಮ್ಮೆ ಹೀಗೆ ಇಳಿದ ಮೇಲೆ ಊಟದಿಂದ ಮಾತ್ರ ಏರಿಸುವುದು ಕಷ್ಟ, ಮಾತ್ರೆ ಬೇಕು. ಬೀಟ್‌ರೂಟ್ ಕೆಂಪಗಿದೆ ಎಂದು ಅದರಿಂದ ರಕ್ತ ಹೆಚ್ಚುವುದಿಲ್ಲ. ಅದರಲ್ಲಿರುವ ಕಬ್ಬಿಣ ಕಡಿಮೆಯೇ.

ಊಟದಲ್ಲಿ ನೀವು ಮಾಡಬಹುದಾದದ್ದು, ಇರುವ ಕಬ್ಬಿಣ ಮೈಗೆ ಹತ್ತುವಂತೆ ನೋಡಿಕೊಳ್ಳುವುದು. ಮಾಂಸ, ಮೀನಿನ ಕಬ್ಬಿಣ ಸುಲಭವಾಗಿ ಹತ್ತುತ್ತದೆ. ಸೊಪ್ಪು, ಕಾಳಿನದು ಕಷ್ಟ. ಅದಕ್ಕೆ ನಿಂಬೆರಸ, ಸೀಬೆ, ಕಿತ್ತಳೆ, ಟೊಮೆಟೊ ಥರ ವಿಟಮಿನ್ ಸಿ ಇರುವುದನ್ನು ಅದೇ ಊಟದಲ್ಲಿ ಸೇರಿಸಿ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಟೀ, ಕಾಫಿಯನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ಆದ ಮೇಲೆ ಕುಡಿಯಿರಿ. ಇದೊಂದು ಬದಲಾವಣೆ ಚಿಕ್ಕದಾದರೂ ಲಾಭ ದೊಡ್ಡದು. ಕಬ್ಬಿಣದ ಮಾತ್ರೆಯನ್ನೂ ಹಾಲು, ಟೀ ಜೊತೆ ನುಂಗಬೇಡಿ. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಗಾಬರಿಯಾಗಿ ನಿಲ್ಲಿಸಬೇಡಿ. ಆದರೆ 1ನೇ ಹಂತದಲ್ಲಿ ಹೇಳಿದಂತೆ ಅಂಟಂಟಾಗಿಯೂ ಇದ್ದರೆ ಆಸ್ಪತ್ರೆಗೆ ಹೋಗಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಮೈಯ ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ 3 ತಿಂಗಳು ಮಾತ್ರೆ ಮುಂದುವರಿಸುತ್ತಾರೆ.

ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಎಲ್ಲಿಂದಲೋ ರಕ್ತ ಸೋರುತ್ತಿರಬಹುದು. ಕಾರಣ ಹುಡುಕದೆ ಸುಮ್ನೆ ಖರ್ಜೂರ ತಿನ್ನುತ್ತ ಕೂರಬೇಡಿ.

8. ಸಣ್ಣ ಸುಟ್ಟಗಾಯ

ಇದಕ್ಕೆ ಮದ್ದು ಬರಿ ನೀರು. ಹರಿಯುವ ತಣ್ಣೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಅದು ಚರ್ಮಕ್ಕೆ ಇನ್ನೂ ಪೆಟ್ಟು ಕೊಡುತ್ತದೆ. ಉಂಗುರ, ಬಳೆ ಊದುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟ್, ಬೆಣ್ಣೆ, ಹಿಟ್ಟು, ಇಂಕು ಏನನ್ನೂ ಹಚ್ಚಬೇಡಿ. ಅವು ಕಾವನ್ನು ಒಳಗೇ ಉಳಿಸುತ್ತವೆ, ಸೋಂಕು ತರುತ್ತವೆ, ವೈದ್ಯರಿಗೆ ಗಾಯವೇ ಕಾಣದಂತೆ ಮಾಡುತ್ತವೆ. ಬೊಬ್ಬೆ ಒಡೆಯಬೇಡಿ. ಗಾಯ ರೋಗಿಯ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಗುಪ್ತಾಂಗ, ಕೀಲಿನ ಮೇಲಿದ್ದರೆ, ಅಥವಾ ವಿದ್ಯುತ್, ರಾಸಾಯನಿಕದಿಂದ ಆಗಿದ್ದರೆ ಆಸ್ಪತ್ರೆಗೆ ಹೋಗಿ.

9. ವೈದ್ಯರ ಬಳಿ ಹೋಗುವಾಗ

ಆ ಚೀಟಿಯನ್ನು ತೆಗೆದುಕೊಂಡು ಹೋಗಿ. ಯಾವತ್ತು ಶುರುವಾಯಿತು, ಜ್ವರ ಎಷ್ಟಿತ್ತು, ಮನೆಯಲ್ಲಿ ಏನು ಎಷ್ಟು ಕೊಟ್ಟಿರಿ ಎಂದು ಅದೇ ಚೀಟಿಗೆ ಸೇರಿಸಿ. ಪುಡಿ, ಲೇಹ್ಯ, ಕಷಾಯ, ಕ್ಯಾಪ್ಸೂಲ್ ಯಾವುದನ್ನೂ ಬಿಡಬೇಡಿ, ಡಬ್ಬಿ ಇದ್ದರೆ ಅದನ್ನೇ ತೋರಿಸಿ. ಬೈಯುತ್ತಾರೇನೋ ಎಂದು ಮುಚ್ಚಿಡುವವರು ತುಂಬ ಜನ. ಹಾಗೆ ಮಾಡಬೇಡಿ. ನೀವು ಏನು ತೆಗೆದುಕೊಂಡಿದ್ದೀರಿ ಎಂದು ಗೊತ್ತಿದ್ದರೆ ಮಾತ್ರ ಅದಕ್ಕೆ ಹೊಂದುವ ಔಷಧಿಯನ್ನು ಅವರು ಬರೆಯಬಹುದು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದರೆ ಇವುಗಳಲ್ಲಿ ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದೂ ಕೇಳಿಕೊಂಡು ಬನ್ನಿ.